ಬೆರಳಿಗೆ ತಡವಾದ ಗೆರೆ

ಜರ್ಮನಿಯ ಉಂಟರ್‌ಫ್ಯೋರಿಂಗಿನ ಆ ಪುಟ್ಟ ಕಂಪನಿಯಲ್ಲಿ ಸುನಿಲಕುಮಾರ ಮಾಡಿದ್ದ ಸರ್ಕ್ಯೂಟ್ ಬೋರ್ಡು ಸಾಮಾನ್ಯದ್ದಲ್ಲ. ಗಾಳಿಯಲ್ಲಿ ಬೆರಳಾಡಿಸಿದರೆ ಸಾಕು, ಎದುರಿನ ಗೋಡೆಯ ಮೇಲೆ ಲೇಸರ್ ಗೆರೆ ಬೆರಳಿನ ಜೊತೆಜೊತೆಗೇ ಓಡುತ್ತಿತ್ತು, ಒಂದಿಷ್ಟೂ ಹಿಂದೆ ಬೀಳದೆ. ಆದರೆ ಹೊಗಳಿಕೆಯೆಲ್ಲ ಲಾಯ್ಡ್‌ಗೆ. ಮಂಗಳೂರಿನ ಆ ಹುಡುಗ ಬರೆದದ್ದು ಗೆರೆಗೆ ಬಣ್ಣ ತುಂಬುವ ಪ್ರೋಗ್ರಾಮು, ಅಷ್ಟೇ. ನೋಡುವವರಿಗೆ ಕಾಣುವುದು ಬಣ್ಣ; ಡಬ್ಬದೊಳಗಿನ ಬೋರ್ಡನ್ನು ಯಾರು ಕೇಳುತ್ತಾರೆ? ಸುನಿಲನಿಗೆ ಹೊಟ್ಟೆಕಿಚ್ಚು, ಮುಚ್ಚುಮರೆಯೇನು ಬಂತು.

ಕೆಲಸದವರ ಮನೆಯವರನ್ನೆಲ್ಲ ಕರೆದು ಯಂತ್ರ ತೋರಿಸುವ ಶನಿವಾರ ಬಂತು. ಅದರ ಜೊತೆ ಡ್ಯೂಸೆಲ್ಡಾರ್ಫಿನ ತಂತ್ರಜ್ಞಾನ ಮೇಳಕ್ಕೆ ಯಾರು ಹೋಗಬೇಕೆಂದು ಬಾಸ್ ಅಂದೇ ಹೇಳುವವಳಿದ್ದಳು. ಚಿತ್ರ ಬಿಡಿಸಿ ತೋರಿಸುವವನು ಯಾವಾಗಲೂ ಲಾಯ್ಡ್. ಗೆರೆ ತಡವರಿಸಿದರೆ ನಗೆಪಾಟಲಾಗುವವನೂ ಅವನೇ. ಬೆಳಿಗ್ಗೆ ಯಾರೂ ಇಲ್ಲದಾಗ ಸುನಿಲ ತನ್ನ ಬೋರ್ಡಿಗೆ ತಾನೇ ಒಂದು ಚೂರು ವಿಳಂಬ ಸೇರಿಸಿಬಿಟ್ಟ.

ಜನ ಸೇರಿದರು. ಮುಂದೆ ಬಂದ ಲಾಯ್ಡ್ ಕೈಯೆತ್ತಲೇ ಇಲ್ಲ. ಸುನಿಲನ ಹೆಂಡತಿಯ ಕಡೆ ತಿರುಗಿದ.

"ಕೀರ್ತಿ ಅಕ್ಕ, ನೀವು ಬನ್ನಿ. ಈ ಮೆಷಿನ್‌ನ ಜೀವ ಇರುವುದೇ ಸುನಿಲಣ್ಣನ ಬೋರ್ಡಲ್ಲಿ. ಇವತ್ತಿನ ಫಸ್ಟ್ ರಂಗೋಲಿ ನಿಮ್ಮದೇ ಆಗ್ಬೇಕು."

ಸುನಿಲ ಬೋರ್ಡಿನ ಡಬ್ಬದ ಕಡೆ ಒಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಕೀರ್ತಿ ಮುಂದೆ ಬಂದಾಗಿತ್ತು.

ಗೋಡೆಯ ಮೇಲೆ ಚುಕ್ಕಿಗಳು ಮೂಡಿದವು. ಕೀರ್ತಿ ಮೈಸೂರಿನಲ್ಲಿ ದಿನಾ ಬೆಳಿಗ್ಗೆ ಬಾಗಿಲಿಗೆ ಎಳೆ ರಂಗೋಲಿ ಹಾಕಿ ಬೆಳೆದವಳು. ಬೆರಳು ಸರಸರನೆ ಓಡಿತು. ಗೆರೆ ಹಿಂದೆಯೇ ಉಳಿಯಿತು. ಅದಕ್ಕಾಗಿ ಕಾಯಹೋದಳು, ಬಳಸು ತಪ್ಪಿತು. ಚುಕ್ಕಿಯನ್ನು ಸುತ್ತಬೇಕಾದ ಗೆರೆ ಚುಕ್ಕಿಯ ಮೇಲೆಯೇ ಹಾದುಹೋಯಿತು. ಯಾರೋ ನಕ್ಕರು.

"ಸುನಿಲ್, ಮೊನ್ನೆ ಇಲ್ಲಿಗೆ ಬಂದು ನಾನು ಹಾಕಿ ನೋಡ್ದಾಗ ಹೀಗಾಗ್ಲಿಲ್ವಲ್ಲ?" ಎಂದಳು ಕೀರ್ತಿ. ಅವಳ ಮುಖ ಕೆಂಪಾಗಿತ್ತು.

"ಗೊತ್ತಿಲ್ಲ," ಎಂದ ಸುನಿಲ, ನೆಲ ನೋಡುತ್ತ.

ಲಾಯ್ಡ್ ಲ್ಯಾಪ್‌ಟಾಪಿಗೆ ಬಗ್ಗಿದ. ಬೋರ್ಡಿಗೆ ಆ ಬೆಳಿಗ್ಗೆ ಸೇರಿಸಿದ್ದ ವಿಳಂಬ ಅಲ್ಲಿ ಯಾರಿಗಾದರೂ ತಿಳಿಯುವಂತೆ ಎದ್ದು ಕಾಣುತ್ತಿತ್ತು. ತಲೆಯೆತ್ತಿ ಸುನಿಲನನ್ನು ಒಮ್ಮೆ ನೋಡಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, ತಪ್ಪು ತನ್ನ ಪ್ರೋಗ್ರಾಮಿನದು, ಬೋರ್ಡು ಸರಿಯಾಗಿದೆ ಎಂದ.

ಹಾಗಾದರೆ ಡ್ಯೂಸೆಲ್ಡಾರ್ಫಿಗೆ ಬೋರ್ಡು ಮಾಡಿದವನೇ ಹೋಗಲಿ ಎಂದಳು ಬಾಸ್. ಎಲ್ಲರೂ ಸುನಿಲನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು.

ಕೀರ್ತಿ ತಟ್ಟಲಿಲ್ಲ. ಲ್ಯಾಪ್‌ಟಾಪಿನ ಪರದೆಯನ್ನು ಅವಳೂ ಕಂಡಿದ್ದಳು. ಈಗ ಲಾಯ್ಡ್‌ನನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ಗೌರವ ತುಂಬಿಕೊಂಡು. ಅವಳು ತನ್ನನ್ನು ಹಾಗೆ ನೋಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದ ಸುನಿಲನಿಗೆ ಮತ್ತೆ ಹೊಟ್ಟೆ ಉರಿಯತೊಡಗಿತು.