ಹಿಂದಿನ ಬಾಗಿಲಿನ ಮೊಟ್ಟೆ

ಮೇಡಂ ಒಂಬತ್ತಕ್ಕೆ ಕೆಳಗಿಳಿಯುತ್ತಾರೆ. ಎಂಟೂಕಾಲಿಗೆ ಡ್ರೈವರ್ ಹೊದಿಕೆ ಎಳೆದಾಗ ಕಪ್ಪು ಕಾರಿನ ಹಿಂದಿನ ಬಾಗಿಲ ಮೇಲೆ ಹಳದಿ ಭೂಪಟವೊಂದು ಒಣಗಿ ಕೂತಿತ್ತು. ನಿನ್ನೆ ಹೆಂಡತಿ ತರಹೇಳಿದ್ದ ಮೊಟ್ಟೆಗಳನ್ನು ಕಾರಿನ ನೆತ್ತಿಯ ಮೇಲಿಟ್ಟು ಬೀಗದ ಕೈ ಹುಡುಕಿದ್ದ. ಕೈ ಸಿಕ್ಕಿತು, ಮೊಟ್ಟೆ ಮರೆತುಹೋಯಿತು. ಕಾರು ಹೊರಟಾಗ ಅವು ಉರುಳಿ ಒಡೆದದ್ದು ಕತ್ತಲಲ್ಲಿ ಕಾಣಲಿಲ್ಲ. ಮನೆಯಲ್ಲಿ, ಅಂಗಡಿ ಮುಚ್ಚಿತ್ತು ಎಂದಿದ್ದ.

ಆರು ತಿಂಗಳು ಕಾರಿಗೆ ಒಂದು ಗೀರೂ ಬೀಳದಿದ್ದರೆ ಕೆಲಸ ಕಾಯಂ ಎಂಬುದು ಮೇಡಂ ಮಾತು. ಅದಕ್ಕೆ ಉಳಿದದ್ದು ಇವತ್ತೊಂದೇ ದಿನ. ಹಿಂದಿನ ಡ್ರೈವರ್ ಮನೆಗೆ ಹೋದದ್ದು ಒಂದು ಗೀರಿಗೆ.

ಮೊದಲು ಉಗುರಿನಿಂದ ಕೆರೆದ. ಸವೆದದ್ದು ಉಗುರು. ಆಮೇಲೆ ಫ್ಲಾಸ್ಕಿನ ಕುದಿನೀರು ಸುರಿದ. ಹಳದಿ ಇನ್ನಷ್ಟು ಬಿಗಿದುಕೊಂಡಿತು. ಬೇರೆ ದಾರಿ ಕಾಣದೆ, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಹೆಂಡತಿಗೆ ಫೋನ್ ಮಾಡಿದ.

"ಕಾರಿಗೆ ಮೊಟ್ಟೆ ಅಂಟ್ಕೊಂಡಿದೆ ಕಣೇ."

"ಅಂಗಡಿ ಮುಚ್ಚಿತ್ತಲ್ಲ. ಕಾರೇ ಇಟ್ಟಿತೇನೋ."

"ತಮಾಷೆ ಬೇಡ. ಕುದಿಯೋ ನೀರಿಗೂ ಬಿಡ್ತಿಲ್ಲ."

"ಕುದಿಯೋ ನೀರಿಗೆ ಮೊಟ್ಟೆ ಬೇಯುತ್ತೆ ರೀ, ಇನ್ನೇನಾಗುತ್ತೆ? ಉಗುರುಬೆಚ್ಚಗಿನ ಸೋಪು ನೀರಲ್ಲಿ ಬಟ್ಟೆ ಅದ್ದಿ ಹಾಸಿ. ಅರ್ಧ ಗಂಟೆ ಮುಟ್ಟಬೇಡಿ. ನೆನೆದ್ರೆ ತಾನೇ ಬಿಡುತ್ತೆ."

"ಇದು ಪಾತ್ರೆ ಅಲ್ಲ ಕಣೇ, ಕಾರು."

"ಅದು ಮೊಟ್ಟೆಗೆ ಗೊತ್ತಾ?"

ಜ್ವರದವನ ಹಣೆಗೆ ಪಟ್ಟಿ ಹಾಕುವಂತೆ ಬಟ್ಟೆ ಹಾಸಿದ. ಆಗ ಎಂಟೂ ಮೂವತ್ತೈದು. ಹತ್ತು ನಿಮಿಷದಲ್ಲಿ ಹನ್ನೆರಡು ಸಲ ಗಡಿಯಾರ ನೋಡಿದ. ಎಂಟೂ ಐವತ್ತೈದಕ್ಕೆ ಬಟ್ಟೆ ಎತ್ತಿದ. ಮುಕ್ಕಾಲು ಪಾಲು ಹಾಲಿನ ಕೆನೆಯಂತೆ ಕಿತ್ತು ಬಂತು. ಹಿಡಿಕೆಯ ಕೆಳಗೆ ಹೆಬ್ಬೆರಳಗಲ ಉಳಿಯಿತು. ಇನ್ನೊಮ್ಮೆ ಬಟ್ಟೆ ಒತ್ತಿದ್ದರೆ ಸಾಕಿತ್ತು. ಅಷ್ಟರಲ್ಲಿ ಮೇಲೆ ಮೇಡಂ ಮನೆಯ ಬಾಗಿಲೆಳೆದ ಸದ್ದು. ಅವನ ಕೈ ತಾನಾಗಿಯೇ ಜೇಬಿನ ಬೀಗದ ಕೈ ಹಿಡಿದು ಕೆರೆಯಿತು. ಮೊಟ್ಟೆ ಹೋಯಿತು. ಅದರ ಜಾಗದಲ್ಲಿ ಬೆರಳುದ್ದದ ಬಿಳಿ ಗೀರು ನಿಂತಿತು.

ಮೇಡಂ ಹತ್ತಿರ ಬರುವ ಮೊದಲೇ ಬಾಗಿಲನ್ನು ಪೂರಾ ತೆರೆದು ಹಿಡಿದ. ತೆರೆದ ಬಾಗಿಲಿನ ಹೊರಮೈ ಮುಂದಕ್ಕೆ ತಿರುಗಿತ್ತು, ಮೇಡಂ ಕಾರಿನ ಹಿಂದಿನಿಂದ ಬಂದರು.

"ಏನಪ್ಪ, ಇವತ್ತು ಮರ್ಯಾದೆ ಜಾಸ್ತಿ," ಎಂದು ಹತ್ತಿ ಕೂತರು.

ಆಫೀಸಿನ ಮುಂದೆಯೂ ಓಡಿಬಂದು ಹಾಗೇ ತೆರೆದು ಹಿಡಿದ. ಮೇಡಂ ಇಳಿದರು, ಆದರೆ ಹೋಗಲಿಲ್ಲ.

"ನಿನ್ನ ಕಾಗದ ಟೈಪ್ ಆಗಿದೆ. ಈಗ್ಲೇ ಸಹಿ ಹಾಕ್ತೀನಿ. ಆರು ತಿಂಗಳಲ್ಲಿ ಒಂದು ಗೀರಿಲ್ಲ, ನೋಡು."

"ಹೂಂ ಮೇಡಂ."

"ಬಾಗಿಲು ಹಾಕಪ್ಪ. ಹಿಂದೆ ಲಾರಿಯವನು ಬಡ್ಕೊಳ್ತಿದಾನೆ."

ಲಾರಿ ಮತ್ತೊಮ್ಮೆ ಹಾರ್ನ್ ಹೊಡೆಯಿತು. ಮೇಡಂ ಕಾಯುತ್ತಾ ನಿಂತರು. ಹಸುಗೂಸನ್ನು ತೊಟ್ಟಿಲಿಗೆ ಇಳಿಸುವಷ್ಟು ಮೆಲ್ಲಗೆ ಅವನು ಬಾಗಿಲನ್ನು ತಳ್ಳಿದ. ಆದರೂ ಅದು ಮುಚ್ಚಿತು.