ಬರೀ ದ್ರಾವಕದ ತಟ್ಟೆ

ಶುಕ್ರವಾರದ ಊಟಕ್ಕೆ ತಾಂತಾ ಪಟ್ಟಣದ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಮುಲೂಖಿಯಾ ಸೊಪ್ಪಿನ ಸಾರು ಬಡಿಸುತ್ತಿದ್ದ ಇನ್ಶಿರಾಹ್ ಚಿಕ್ಕಮ್ಮ ಬಲಗಾಲು ಊರದೆ ಕುಂಟುತ್ತಿದ್ದಳು. ಸಕ್ಕರೆ ಕಾಯಿಲೆ, ಹೆಬ್ಬೆರಳಿನ ಹುಣ್ಣು ತಿಂಗಳಾದರೂ ಮಾಯ್ದಿರಲಿಲ್ಲ.

ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ ಮಾಡುವ ರಾವಿಯಾ ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಗಾಜಿನ ತಟ್ಟೆ, ಅದರ ತುಂಬ ಮಬ್ಬು ಪದರ, ನಡುವೆ ಮಾತ್ರ ಒಂದು ಶುಭ್ರ ವೃತ್ತ.

"ಇದೇನೇ, ಹಾಲಿನ ಕೆನೆ ತೂತು ಬಿದ್ದ ಹಾಗಿದೆ?" ಎಂದಳು ಚಿಕ್ಕಮ್ಮ.

"ಗಾಯದ ಕೀವಿಂದ ಬೆಳೆಸಿದ ಬ್ಯಾಕ್ಟೀರಿಯಾ ಚಿಕ್ಕಮ್ಮ. ಕುರಿಗಳ ಹೊಟ್ಟೆಹುಳುವಿಗೆ ಕುಡಿಸ್ತಾರಲ್ಲ, ಆ ಔಷಧಿ ನಡುವೆ ಒಂದು ಹನಿ ಹಾಕಿದೆ. ಸುತ್ತ ಒಂದಾದ್ರೂ ಬೆಳೆದಿದೆಯಾ ನೋಡು!"

ರಾವಿಯಾಳ ಅಕ್ಕನ ಗಂಡ ಬಹ್ಜತ್‌ಗೆ ಔಷಧಿ ಅಂಗಡಿ. ಅವನ ಕಿವಿ ನೆಟ್ಟಗಾಯಿತು. "ನಮ್ಮ ಅಂಗಡೀಲಿ ಅದರ ಬಾಟ್ಲು ಸಾಲಾಗಿ ಕೂತಿವೆ. ಫೋಟೋ ಕಳಿಸು."

"ಇನ್ನೂ ಪರೀಕ್ಷೆ ಮುಗಿದಿಲ್ಲ ಭಾವ."

"ನಿಮ್ಮ ಪರೀಕ್ಷೆ ಮುಗಿಯೋಷ್ಟರಲ್ಲಿ ನನ್ನ ಮೊಮ್ಮಕ್ಕಳಿಗೆ ಗಡ್ಡ ಬಂದಿರತ್ತೆ!"

ಎಲ್ಲರೂ ನಕ್ಕರು. ರಾವಿಯಾ ಕಳಿಸಿಬಿಟ್ಟಳು. ಹೊಗಳಿಕೆ ಯಾರಿಗೆ ತಾನೇ ಬೇಡ?

ಒಂದೇ ಒಂದು ಪರೀಕ್ಷೆ ಬಾಕಿಯಿತ್ತು. ಆ ಔಷಧಿ ನೀರಿನಲ್ಲಿ ಕರಗದು. ಕಟುವಾದ ದ್ರಾವಕವೊಂದರಲ್ಲಿ ಕರಗಿಸಬೇಕು. ಔಷಧಿ ಬೆರೆಸದ ಬರೀ ದ್ರಾವಕವನ್ನೂ ಒಂದು ತಟ್ಟೆಗೆ ಹಾಕಿ ನೋಡಬೇಕು. ತಟ್ಟೆಗಳಿಗೆ ಸದಾ ಕೊರತೆಯಿದ್ದ ಆ ಲ್ಯಾಬಿನಲ್ಲಿ ಅದನ್ನು ಕೊನೆಗೆ ಮಾಡುವುದು ರೂಢಿ. ಸೋಮಾರಿತನಕ್ಕೆ ಇಟ್ಟ ಒಳ್ಳೆಯ ಹೆಸರು ಅದು, ಇನ್ನೇನು!

ಹದಿನೈದು ದಿನ ಕಳೆದ ಮೇಲೆ ಅದನ್ನೂ ಮಾಡಿದಳು. ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದು ನೋಡಿದಳು. ಅಷ್ಟೇ ಅಗಲದ, ಅದೇ ಶುಭ್ರ ವೃತ್ತ. ಬ್ಯಾಕ್ಟೀರಿಯಾ ಕೊಂದದ್ದು ಔಷಧಿಯಲ್ಲ, ದ್ರಾವಕ.

"ಗುರುವಾರ ಸಮ್ಮೇಳನದಲ್ಲಿ ಈ ಔಷಧಿ ಬಗ್ಗೆ ಹೇಳೋದಿದೆ," ಎಂದರು ಲ್ಯಾಬಿನ ಮುಖ್ಯಸ್ಥ ಪ್ರೊಫೆಸರ್ ಶುಕ್ರಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ. "ಈಗ ಹಿಂದೆ ಸರಿದ್ರೆ ನಮ್ಮ ಲ್ಯಾಬಿಗೆ ಮತ್ತೆ ಯಾರು ಕೆಲಸ ಕೊಡ್ತಾರೆ? ಇದನ್ನ ಆಮೇಲೆ ನೋಡೋಣ. ಗಾಜಿನ ತಟ್ಟೆಯಮ್ಮ ಇದು, ಇದರಿಂದ ಯಾರಿಗೇನು ತೊಂದರೆ?"

ಅವಳಿಗೆ ಭಾವನಿಗೆ ಕಳಿಸಿದ್ದ ಫೋಟೋ ನೆನಪಾಯಿತು. ಹೊರಟೇಬಿಟ್ಟಳು. ಅಂಗಡಿಯ ಗಾಜಿನ ಮೇಲೆ ಅದೇ ಫೋಟೋ ದೊಡ್ಡದಾಗಿ ಅಂಟಿತ್ತು, ಮುಂದೆ ಜನ ನಿಂತಿದ್ದರು. ಅವಳು ಅಲ್ಲಿ ನಿಲ್ಲದೆ ಚಿಕ್ಕಮ್ಮನ ಮನೆಗೆ ಓಡಿದಳು. ಬಾಗಿಲಲ್ಲೇ ಕೊಳೆತ ವಾಸನೆ ಮೂಗಿಗೆ ಬಡಿಯಿತು.

"ಗಾಬರಿ ಯಾಕೆ ಮಗಳೇ? ಈಗ ನೋವೇ ಇಲ್ಲ. ನೀನು ಕಂಡುಹಿಡಿದ ಔಷಧೀನ ದಿನಾ ಮೂರು ಹೊತ್ತು ಹಚ್ತೀನಿ. ಆಸ್ಪತ್ರೆ ಮಾತ್ರೆ ಬಿಟ್ಟೇಬಿಟ್ಟೆ."

ರಾವಿಯಾ ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹೆಬ್ಬೆರಳು ಕಪ್ಪಾಗಿತ್ತು. ಕಪ್ಪು ಪಾದಕ್ಕೂ ಹತ್ತುತ್ತಿತ್ತು.

ಅಂದೇ ಆಸ್ಪತ್ರೆಯಲ್ಲಿ ಅರ್ಧ ಪಾದ ಕತ್ತರಿಸಿದರು. ಎಚ್ಚರವಾದಾಗ ಚಿಕ್ಕಮ್ಮ ಅವಳ ಕೈ ಹಿಡಿದು ಕೇಳಿದಳು, "ನಾನು ಸರಿಯಾಗಿ ಹಚ್ಚಲಿಲ್ಲವೇನೋ. ನನ್ನಿಂದ ನಿನ್ನ ಔಷಧಿಗೆ ಕೆಟ್ಟ ಹೆಸರು ಬಂತೇನೆ?"

"ಇಲ್ಲ ಚಿಕ್ಕಮ್ಮ. ತಪ್ಪು ನನ್ನದು," ಎಂದು ರಾವಿಯಾ ಬಿಕ್ಕಿ ಬಿಕ್ಕಿ ಅತ್ತಳು.

ಬುಧವಾರ ಅವಳು ಸಮ್ಮೇಳನದ ಹಾಳೆಗಳ ಮೊದಲ ಪುಟಕ್ಕೆ ಎರಡೂ ತಟ್ಟೆಗಳ ಫೋಟೋ ಸೇರಿಸಿ ಶುಕ್ರಿಯವರ ಮೇಜಿನ ಮೇಲಿಟ್ಟಳು. ಅಲ್ಲಿಂದ ನೇರ ಅಂಗಡಿಗೆ ಬಂದು, ಗಾಜಿನ ಮೇಲಿದ್ದ ಫೋಟೋದ ಪಕ್ಕಕ್ಕೆ ಎರಡನೆಯದನ್ನೂ ಅಂಟಿಸಿದಳು.

"ಜನ ನೋಡ್ತಿದ್ದಾರೆ, ಮಾನ ಕಳೀಬೇಡ," ಎಂದು ಬಹ್ಜತ್ ಪಿಸುಗುಟ್ಟಿದ. "ನಾನೇನು ಅವಳಿಗೆ ಕೆಟ್ಟದ್ದು ಬಯಸಿದ್ನಾ? ನಿನ್ನ ಫೋಟೋ ನಂಬಿ ಕೊಟ್ಟೆ."

"ನಾನೂ ನಂಬಿದ್ದೆ ಭಾವ. ಇವೆರಡರಲ್ಲಿ ಔಷಧಿ ಹಾಕಿದ್ದು ಯಾವುದು, ಹೇಳು."

ಅವನು ಕನ್ನಡಕ ಏರಿಸಿ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ. ಬಾಟ್ಲು ಕೊಂಡು ನಿಂತಿದ್ದ ಹೆಂಗಸೊಬ್ಬಳೂ ಬಗ್ಗಿದಳು. "ಎರಡೂ ಒಂದೇ ಥರ ಇದೆಯಲ್ಲಮ್ಮಾ?"

"ಹೌದಮ್ಮ. ಒಂದರಲ್ಲಿ ಔಷಧೀನೇ ಇಲ್ಲ."

ಆ ಹೆಂಗಸಿನ ಕಾಲಿಗೆ ಸುತ್ತಿದ ಬಟ್ಟೆಯನ್ನು ಬಹ್ಜತ್ ಈಗಷ್ಟೇ ಗಮನಿಸಿದಂತಿತ್ತು. ಅವಳ ಮುಂದೆ ಬಂದು ಕೈ ಚಾಚಿದ.

"ಬಾಟ್ಲು ವಾಪಸ್ ಕೊಡಿ ತಾಯಿ. ನಡೀರಿ, ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ."