ಅರಿಶಿನವಲ್ಲದ ಹಳದಿ

"ಸಾಕು ಬಿಡಕ್ಕ, ಇನ್ನೆಷ್ಟು ಉಜ್ತೀಯಾ!" ಎನ್ನುತ್ತ ಮುನಿಗಂಗಮ್ಮ ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ಕೈಯಿಂದ ಸೀಗೆಪುಡಿಯ ಬಟ್ಟಲು ಕಿತ್ತುಕೊಂಡಳು.

ಮೂರು ಕೊಡ ಬಿಸಿನೀರು ಹೊಯ್ದಾಗಿತ್ತು. ಅಂಗಳದಲ್ಲಿ ಮಣೆಯ ಮೇಲೆ ಕೂರಿಸಿದ್ದ ಅವಳ ಅವ್ವ ಅಮ್ಮಯಮ್ಮನ ಹೆಣದ ಮುಖ, ಅಂಗೈ, ಅಂಗಾಲು ಇನ್ನೂ ಹಳದಿಯಾಗಿಯೇ ಇದ್ದವು. ಗಂಡ ಸತ್ತು ಇಪ್ಪತ್ತೆರಡು ವರ್ಷವಾದ ಹೆಂಗಸು. ಹೆತ್ತ ಮಗಳ ಮದುವೆಯಲ್ಲೂ ಅರಿಶಿನದ ಬಟ್ಟಲು ಮುಟ್ಟಗೊಡದೆ ಹಿತ್ತಲಲ್ಲಿ ಕೂರಿಸಿದ್ದರು. ಈಗ ನೋಡಿದರೆ ಮದುವಣಗಿತ್ತಿಯ ಹಾಗೆ ಹಳದಿಯಾಗಿ ಹೊರಟಿದ್ದಾಳೆ!

ಅವಳ ಗಂಡನ ಅಣ್ಣ ದೊಡ್ಡಬೀರಪ್ಪ ಕೋಲೂರಿಕೊಂಡು ಹತ್ತಿರ ಬಂದ. "ವಿಭೂತಿ ಬಳಿದು ಮುಖ ಮುಚ್ರಮ್ಮಾ. ಗಂಡ ಸತ್ತೋಳ ಮೈಗೆ ಇದೇನು ಬಣ್ಣ? ನಾಕು ಜನ ನೋಡಿ ನಗ್ತಾರೆ."

"ನೋಡ್ಲಿ ದೊಡ್ಡಪ್ಪಾ," ಎಂದಳು ಮುನಿಗಂಗಮ್ಮ. "ಬಚ್ಚಿಡೋಕೆ ಇದೇನು ಕದ್ದು ಬಳ್ಕೊಂಡಿದ್ದಾ? ಆಸ್ಪತ್ರೆ ಗುಳಿಗೆ ನುಂಗಿ ಬಂದ ಬಣ್ಣ. ಮುಚ್ಚಿದ್ರೆ ನಾನು ಸುಮ್ಕಿರಲ್ಲ."

ದೊಡ್ಡಬೀರಪ್ಪ ಕೋಲೂರುತ್ತ ಹಿಂದೆ ಸರಿದ. ಆದರೆ ಚಪ್ಪರದ ಕೆಳಗಿದ್ದ ಬೈಲಪ್ಪನ ಬಾಯಿ ಕಟ್ಟುವವರು ಯಾರು? ಲಕ್ಷ್ಮೀದೇವಮ್ಮನ ಗಂಡ ಅವನು.

"ಅದೇ ಕಣಮ್ಮಾ ನಾನೂ ಹೇಳ್ತಿರೋದು. ಆ ಹಳದಿ ಗುಳಿಗೇನೇ ಮುದುಕೀನ ನುಂಗ್ಕೊಂಡಿದ್ದು. ನಿನ್ನೆ ಸಂಜೆ ಆಸ್ಪತ್ರೆ ಮೆಟ್ಲು ಗುಡಿಸ್ತಾ ಗುಡಿಸ್ತಾ ಎದೆ ಹಿಡ್ಕೊಂಡು ಕೂತೋಳು ಮತ್ತೆ ಏಳಲಿಲ್ಲ. ಮೈಯೆಲ್ಲಾ ಕಾಮಾಲೆ! ನನ್ನ ಮಗಳಿಗೂ ಅದನ್ನೇ ಕೊಟ್ಟವ್ಳೆ. ಇವತ್ತು ಉಳಿದಿದ್ದನ್ನೆಲ್ಲಾ ತಿಪ್ಪೆಗೆ ಎಸೆದುಬಿಡ್ತೀನಿ."

ಸುತ್ತ ಕೂತಿದ್ದವರು ಹೌದು ಹೌದು ಎಂದರು. ಊರಿನಲ್ಲಿ ಇನ್ನೂ ಆರು ಮನೆಗಳಲ್ಲಿ ಆ ಗುಳಿಗೆಯ ಪೊಟ್ಟಣಗಳಿದ್ದವು.

ಬೈಲಪ್ಪನ ಮಗಳು ಕದಿರಿಗೆ ಎಂಟು ವರ್ಷ. ಚಳಿಜ್ವರ ಬಿಟ್ಟು ಎರಡು ದಿನವಾಗಿತ್ತು. ಗುಳಿಗೆ ಏಳು ದಿನದ್ದು, ಇವತ್ತಿಗೆ ಐದನೆಯದು. ಎರಡು ವರ್ಷದ ಹಿಂದೆ ಇದೇ ಬೈಲಪ್ಪನ ಹಿರಿಯ ಮಗನಿಗೂ ಹೀಗೇ ಜ್ವರ ಬಿಟ್ಟಿತ್ತು. ವಾಸಿಯಾಯಿತಲ್ಲ ಎಂದು ಉಳಿದ ಔಷಧಿಯನ್ನು ಗೂಡಿನಲ್ಲಿಟ್ಟರು. ಎರಡು ವಾರಕ್ಕೆ ಜ್ವರ ಮರಳಿ ಬಂದು ತಲೆಗೇರಿತು, ಹುಡುಗ ಉಳಿಯಲಿಲ್ಲ.

ಆದರೂ ಮುನಿಗಂಗಮ್ಮ ಹೆಣದ ಪಕ್ಕದಲ್ಲೇ ಕೂತುಬಿಟ್ಟಳು. ಅವ್ವನನ್ನು ಕೊಂದದ್ದು ನಿಜವಾಗಿಯೂ ಗುಳಿಗೆಯೇ ಆಗಿದ್ದರೆ? ರಾತ್ರಿಯಿಂದ ಆ ಅನುಮಾನ ಅವಳ ಎದೆಯಲ್ಲೂ ಕೂತಿತ್ತು.

*

ಮುನಿಗಂಗಮ್ಮನಿಗೆ ಆಗ ಹತ್ತು ವರ್ಷ. ಅಪ್ಪ ಸೊಂಟನೋವೆಂದು ದೊಡ್ಡಬಳ್ಳಾಪುರದ ಪೇಟೆಯ ಯಾವುದೋ ಅಂಗಡಿಯಿಂದ ಒಂದು ಸೀಸೆ ತಂದ. ಮೇಲೆ ಕೆಂಪು ಚೀಟಿ. ಮನೆಗೆ ಬಂದವನೇ ಎತ್ತಿ ಕುಡಿದ. ಅದು ತಿಕ್ಕುವ ಎಣ್ಣೆ. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ಅಮ್ಮಯಮ್ಮ ಸೂತಕ ಕಳೆದ ಮಾರನೆಯ ದಿನವೇ ಖಾಲಿ ಸೀಸೆ ಹಿಡಿದು ಅಂಗಡಿಗೆ ನಡೆದಳು. "ಕುಡಿಯಬಾರದು ಅಂತ ಬರೆದಿದೆಯಲ್ಲಮ್ಮಾ" ಎಂದ ಅಂಗಡಿಯವನು.

"ಬರೆದಿದ್ಯಾ? ಓದೋರ್ಯಾರು ನಮ್ಮನೇಲಿ? ನಿನಗೆ ಬಾಯಿ ಇರ್ಲಿಲ್ವೇನಯ್ಯಾ?" ಎಂದು ಅಲ್ಲೇ, ಅವನ ಗಲ್ಲಾಪೆಟ್ಟಿಗೆಯ ಮುಂದೆಯೇ ಸೀಸೆ ಒಡೆದು ಬಂದಳು.

ಕುಂದಾಣದ ದಾರಿಯಲ್ಲಿ ಆಸ್ಪತ್ರೆ ಆದಾಗ ಕಸ ಗುಡಿಸುವ ಕೆಲಸಕ್ಕೆ ತಾನೇ ಹೋಗಿ ನಿಂತಳು. "ಒಕ್ಕಲು ಮನೆ ಹೆಂಗಸು ಆಸ್ಪತ್ರೆ ಕಸ ಬಳೀತಾಳಾ?" ಎಂದು ದೊಡ್ಡಬೀರಪ್ಪ ಕುಣಿದಾಡಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಗುಡಿಸುವುದು ಅರ್ಧ ಗಂಟೆಯ ಕೆಲಸ. ಉಳಿದ ಹೊತ್ತೆಲ್ಲ ಬಾಗಿಲಿಗೆ ಅಡ್ಡ ಪೊರಕೆ ಇಟ್ಟುಕೊಂಡು ಕೂರುತ್ತಿದ್ದಳು. ಪೊರಕೆ ದಾಟಲು ಯಾರಿಗೆ ಧೈರ್ಯ?

"ಔಷ್ದಿ ಈಸ್ಕೊಂಡ್ಯಾ? ಎಷ್ಟು? ಯಾವಾಗ? ಯಾರಿಗೆ? ಹೇಳು, ಆಮೇಲೆ ಪೊರಕೆ ತೆಗೀತೀನಿ."

ತಪ್ಪಿದವರನ್ನು ತಿರುಗಿ ಒಳಗೆ ಅಟ್ಟುತ್ತಿದ್ದಳು. ಒಂದು ಸಲ ಪಟೇಲರನ್ನೂ ಅಟ್ಟಿದಳು. ಮಕ್ಕಳಾದರೆ ಗುಳಿಗೆ ನುಂಗಿದ ಮೇಲೆ ಬಾಯಿ ತೆಗೆದು, ನಾಲಿಗೆ ಎತ್ತಿ ತೋರಿಸಬೇಕು. ಅಡಿಯಲ್ಲಿ ಅಡಗಿಸಿಟ್ಟುಕೊಂಡಿದ್ದರೆ ಕಿವಿ ಹಿಂಡುತ್ತಿದ್ದಳು.

ಈ ವರ್ಷ ಯುದ್ಧದ ದೆಸೆಯಿಂದ ಚಳಿಜ್ವರದ ಕೊಯಿನಾ ಮದ್ದು ಬರುವುದು ನಿಂತು, ದೀಪಾವಳಿಗೆ ಹಳದಿ ಗುಳಿಗೆಯ ಡಬ್ಬಿಗಳು ಬಂದವು. ಜೊತೆಗೊಂದು ಇಂಗ್ಲಿಷ್ ಕಾಗದ. ಕಾಂಪೌಂಡರ್ ನರಸಿಂಹಯ್ಯ ಅದನ್ನು ಕನ್ನಡದಲ್ಲಿ ಹೇಳಿದ: ದಿನಕ್ಕೆ ಮೂರು, ಊಟವಾದ ಮೇಲೆ, ಏಳು ದಿನ, ಮಕ್ಕಳಿಗೆ ಅರ್ಧರ್ಧ.

ಅಮ್ಮಯಮ್ಮ ಕಾಗದವನ್ನೇ ನೋಡುತ್ತಿದ್ದಳು. "ಇಷ್ಟುದ್ದ ಕಾಗದಕ್ಕೆ ಇಷ್ಟೇ ಮಾತಾ ಸ್ವಾಮಿ? ಪೂರ್ತಿ ಓದಿ."

ನರಸಿಂಹಯ್ಯ ದನಿ ತಗ್ಗಿಸಿದ. "ಮೈ ಹಳದಿಯಾಗುತ್ತೆ, ಬಿಟ್ಟ ಮೇಲೆ ನಿಧಾನವಾಗಿ ಹೋಗುತ್ತೆ ಅಂತಿದೆ. ಕಣ್ಣಿನ ಬಿಳಿ ಬಿಳಿಯಾಗೇ ಇರುತ್ತಂತೆ, ಅದು ಕಾಮಾಲೆ ಅಲ್ಲ. ಎಲ್ಲೋ ಒಬ್ಬರಿಗೆ ಬುದ್ಧಿ ಕದಡಬಹುದು, ಆಗ ತಕ್ಷಣ ಕರೆತರಬೇಕು. ಇದನ್ನೆಲ್ಲ ಹೇಳಿದರೆ ಯಾರು ನುಂಗುತ್ತಾರೆ ಅಮ್ಮಯಮ್ಮಾ? ಸುಮ್ಮನಿದ್ದುಬಿಡೋಣ."

"ಹೇಳ್ದೆ ಕೊಟ್ರೆ ನಾಳೆ ಕನ್ನಡೀಲಿ ಮುಖ ನೋಡ್ಕೊಂಡು ಎಸೀತಾರೆ. ಆಮೇಲೆ ನಿಮ್ಮ ಮಾತು ಯಾರೂ ನಂಬಲ್ಲ, ನನ್ನದೂ ನಂಬಲ್ಲ. ನಾನು ಹೇಳೋಳೇ."

ಹೇಳಿಯೇಬಿಟ್ಟಳು. ಅವಳಿಗೂ ಜ್ವರ ಬಂದಾಗ ಏಳು ದಿನ ನುಂಗಿದಳು, ಹಳದಿಯಾದಳು. ಅರಿಶಿನ ಬಳಿದುಕೊಂಡ ಮುದುಕಿ ಎಂದು ನಕ್ಕವರ ಮುಖಕ್ಕೆ ಅಂಗೈ ಹಿಡಿದು, "ಹೇಳಿದ್ದೆ ತಾನೇ ನಾನು?" ಎನ್ನುತ್ತಿದ್ದಳು.

*

"ಬೈಲಪ್ಪಣ್ಣ!" ಮುನಿಗಂಗಮ್ಮ ಹೆಣದ ಪಕ್ಕದಿಂದ ಎದ್ದಳು. "ನಮ್ಮವ್ವಂಗೆ ಕಾಮಾಲೆ ಅಂದ್ಯಲ್ಲಾ, ಬಾ ಇಲ್ಲಿ."

ಅವ್ವನ ಮುಚ್ಚಿದ ರೆಪ್ಪೆಯ ಮೇಲೆ ಹೆಬ್ಬೆರಳಿಟ್ಟಳು. ಒಳಗೆ ಹಳದಿಯಿದ್ದರೆ ಅವ್ವ ಹೇಳಿದ್ದೆಲ್ಲ ಸುಳ್ಳು. ಇಪ್ಪತ್ತು ವರ್ಷ ಬಾಗಿಲಲ್ಲಿ ಕೂತದ್ದೂ ದಂಡ. ಅಯ್ಯೋ ದೇವರೇ ಎಂದುಕೊಂಡು ರೆಪ್ಪೆ ಎತ್ತಿದಳು.

ಕಣ್ಣು ಮಂಕಾಗಿತ್ತು. ಆದರೆ ಬೆಳ್ಳಗಿತ್ತು.

"ನೋಡ್ರಪ್ಪಾ, ಎಲ್ಲಾರೂ ನೋಡ್ರಿ! ಕಾಮಾಲೆ ಆಗಿದ್ರೆ ಕಣ್ಣು ಹಿಂಗಿರ್ತಿತ್ತಾ?"

ಹೆಂಗಸರು ಹೌಹಾರಿ ಸೆರಗು ಬಾಯಿಗಿಟ್ಟುಕೊಂಡರು. ಬೈಲಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ಹಂಗಾದ್ರೆ ಯಾತಕ್ಕೆ ಸತ್ಲು?"

"ನಂಗೆ ಗೊತ್ತಿಲ್ಲ ಕಣಣ್ಣ. ಗೊತ್ತಿಲ್ಲದ್ದನ್ನ ಗೊತ್ತು ಅನ್ನಲ್ಲ. ಎದೆನೋವು ಮೂರು ವರ್ಷದಿಂದಿತ್ತು, ಗುಳಿಗೆ ಬಂದಿದ್ದು ಈ ದೀಪಾವಳಿಗೆ. ಅಷ್ಟೇ ಗೊತ್ತು."

"ಅಷ್ಟು ನಂಬಿಕೆ ಇದ್ರೆ ನೀನೇ ಒಂದು ನುಂಗಿ ತೋರ್ಸು!"

"ಜ್ವರ ಇಲ್ದೋಳು ನಾನ್ಯಾಕೆ ನುಂಗ್ಲಿ? ಇದೇನು ಗಾರುಡಿ ಆಟಾನಾ? ಅದು ಕದಿರಿಗೆ ಎಣಿಸಿ ಕೊಟ್ಟಿರೋದು." ಅವಳು ಲಕ್ಷ್ಮೀದೇವಮ್ಮನತ್ತ ತಿರುಗಿದಳು. "ಅಕ್ಕ, ಕೊಡುವಾಗ ಅವ್ವ ಏನಂದ್ಲು? ಹೇಳು."

ಲಕ್ಷ್ಮೀದೇವಮ್ಮ ಗಂಡನ ಮುಖ ನೋಡಿ ತಲೆ ತಗ್ಗಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಶುರು ಮಾಡಿದಳು. "ಮೂರು ಹೊತ್ತು, ಊಟ ಆದ್ಮೇಲೆ, ಅರ್ಧರ್ಧ. ಮೂರನೇ ದಿನಕ್ಕೆ ಜ್ವರ ಬಿಡ್ತದೆ ಅಂದ್ಲು, ಬಿಡ್ತು. ಅಂಗೈ ಹಳದಿಯಾಗ್ತದೆ ಅಂದ್ಲು, ಆಯ್ತು. ಏನೇನೋ ಬಡಬಡಿಸಿದ್ರೆ ಆಸ್ಪತ್ರೆಗೆ ಎತ್ಕೊಂಡು ಬಾ ಅಂದ್ಲು, ಹಂಗೇನೂ ಆಗಿಲ್ಲ. ಜ್ವರ ಬಿಟ್ರೂ ಏಳು ದಿನ ಬಿಡಬೇಡ ಅಂತ..." ಅವಳು ಗಂಡನತ್ತ ತಿರುಗಿದಳು. "ನಮ್ಮ ಹುಡುಗನಿಗೂ ಬಿಡಬೇಡ ಅಂದಿದ್ಲು. ಮೂರು ಸಲ ಮನೇತನಕ ಬಂದಿದ್ಲು. ನಾವೇ ಕೇಳಲಿಲ್ಲ."

ಬೈಲಪ್ಪ ನೆಲ ನೋಡಿದ. ಸತ್ತ ಮಗನ ಮಾತು ಬಂದರೆ ಅವನು ಯಾವಾಗಲೂ ನೆಲ ನೋಡುತ್ತಿದ್ದ.

ಅಷ್ಟು ಹೊತ್ತೂ ಗೋಡೆಗೊರಗಿ ನಿಂತಿದ್ದ ನರಸಿಂಹಯ್ಯ ಮುಂದೆ ಬಂದ. "ಅಮ್ಮಯಮ್ಮ ಹೇಳಿದ್ದೆಲ್ಲ ಕಾಗದದಲ್ಲಿರೋದೇ ಕಣ್ರಪ್ಪ. ನಾನು ಅರ್ಧ ಮುಚ್ಚಿಡೋನಿದ್ದೆ. ಪೂರ್ತಿ ಓದಿಸಿದ್ದು ಅವಳು. ನಡುವೆ ಬಿಡಬೇಡಿ."

"ಬೆಳಗಿನ ಗುಳಿಗೆ ಕೊಟ್ಯಾ ಅಕ್ಕ?" ಎಂದಳು ಮುನಿಗಂಗಮ್ಮ.

"ಹೆಂಗೆ ಕೊಡ್ಲಿ? ಬರೀ ಹೊಟ್ಟೇಲಿ ಕೊಡಬಾರ್ದು ಅಂದವ್ಳೆ. ನಿನ್ನೆ ಸಂಜೆಯಿಂದ ಒಲೇನೇ ಹಚ್ಚಿಲ್ಲ."

ಹೌದು, ಊರಿಗಿರುವುದು ಒಂದೇ ಬೀದಿ. ಬೀದಿಯಲ್ಲಿ ಹೆಣವಿರುವಾಗ ಯಾರ ಮನೆಯಲ್ಲೂ ಒಲೆ ಉರಿಯಬಾರದು. ತವರಿನ ಸೀರೆ ಹೊದಿಸದೆ ಹೆಂಗಸಿನ ಹೆಣ ಎತ್ತುವಂತೆಯೂ ಇಲ್ಲ. ಅವ್ವನ ತವರು ದೂರದ ತ್ಯಾಮಗೊಂಡ್ಲು. ಅಲ್ಲಿಂದ ಅವಳ ತಮ್ಮ ಹತ್ತಿದ್ದ, ಪೆಟ್ರೋಲ್ ಬದಲು ಇದ್ದಿಲಿನಿಂದ ಓಡುವ ಬಸ್ಸು ಯಾವ ಏರಿನಲ್ಲಿ ಕೆಮ್ಮುತ್ತ ನಿಂತಿತ್ತೋ. ಹೊತ್ತು ಆಗಲೇ ನೆತ್ತಿಗೆ ಬಂದಿತ್ತು.

"ಹೋಗಿ ಒಲೆ ಹಚ್ಚು" ಎಂದಳು ಮುನಿಗಂಗಮ್ಮ.

"ಏನಂದೆ?" ದೊಡ್ಡಬೀರಪ್ಪ ಕೋಲು ಕುಟ್ಟಿದ. "ಹೆಣ ಎದ್ದಿಲ್ಲ, ಒಲೆ ಹಚ್ತಾಳಂತೆ! ಊರಿಗೆ ಕೇಡು ಕಣೇ!"

"ಹೆಣ ನಮ್ಮವ್ವಂದು ದೊಡ್ಡಪ್ಪಾ. ಕೇಡು ಬಂದ್ರೆ ನನಗೆ ಬರ್ಲಿ. ಮಗು ಉಪವಾಸ ಬಿದ್ದು ಔಷ್ದಿ ತಪ್ಪಿಸ್ಕೊಂಡ್ರೆ ಇವಳು ಸುಮ್ನೆ ಗುಂಡಿಗೆ ಇಳೀತಾಳೆ ಅಂದ್ಕೊಂಡ್ಯಾ? ಎದ್ದು ಕೂತು ನಿಂಗೇ ಮೊದ್ಲು ಬೈತಾಳೆ." ಹೇಳುತ್ತ ಹೇಳುತ್ತ ಅವಳಿಗೆ ಅಳು ನುಗ್ಗಿ ಬಂತು. ಅಳುತ್ತಲೇ ಕೂಗಿದಳು, "ಹೋಗೇ ಅಕ್ಕ!"

ಲಕ್ಷ್ಮೀದೇವಮ್ಮ ಎದ್ದಳು. ಬೈಲಪ್ಪ ತಡೆಯಲಿಲ್ಲ. ದೊಡ್ಡಬೀರಪ್ಪ ಗೊಣಗುತ್ತ ಬೆನ್ನು ತಿರುಗಿಸಿ ಕೂತ.

ಸ್ವಲ್ಪ ಹೊತ್ತಿಗೆ ತವರಿನ ತಮ್ಮ ಬೆವರು ಒರೆಸಿಕೊಳ್ಳುತ್ತ ಬಿಳಿ ಸೀರೆ ತಂದ. ಹೊದಿಸಿದರು, ಬಾಯಿಗೆ ಅಕ್ಕಿ ಹಾಕಿದರು. ಮುಖ ಮುಚ್ಚಲು ಮುನಿಗಂಗಮ್ಮ ಬಿಡಲಿಲ್ಲ. ಚಟ್ಟಕ್ಕೆ ಹೆಗಲು ಕೊಡಲು ಮೂವರು ಬಂದರು. ನಾಲ್ಕನೆಯವನಾಗಿ ಬೈಲಪ್ಪ, ಯಾರನ್ನೂ ಕೇಳದೆ, ಮುಂದಿನ ಬಿದಿರಿಗೆ ಹೆಗಲಿಟ್ಟ.

ತಮಟೆಯ ಬಡಿತದೊಂದಿಗೆ ಹೆಣ ಬೀದಿ ಹಿಡಿಯಿತು. ಸಾಲು ಮನೆಗಳೆಲ್ಲ ತಣ್ಣಗಿದ್ದವು. ಬೈಲಪ್ಪನ ಮನೆಯ ಹೆಂಚಿನ ಸಂದಿಯಿಂದ ಮಾತ್ರ ಹೊಗೆ ಏಳುತ್ತಿತ್ತು. ಬಾಗಿಲಲ್ಲಿ ಕದಿರಿ ನಿಂತಿದ್ದಳು, ಗಲ್ಲದ ಮೇಲೆ ರಾಗಿ ಅಂಬಲಿ ಮೆತ್ತಿಕೊಂಡು. ಚಟ್ಟ ಎದುರಿಗೆ ಬಂದಾಗ ಅವಳಿಗೆ ಯಾರೂ ಏನೂ ಹೇಳಲಿಲ್ಲ. ಎರಡು ಹಳದಿ ಅಂಗೈಗಳಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು, ಅಮ್ಮಯಮ್ಮನ ಕಡೆಗೆ ಮುಖವೆತ್ತಿ, ಅವಳು ಅಗಲವಾಗಿ ಬಾಯಿ ತೆಗೆದು ನಾಲಿಗೆ ಎತ್ತಿ ತೋರಿಸಿದಳು.